ಕಾಯದ ನೀರು

ಕೋಥರೂಡ ಬಡಾವಣೆಯ ನಮ್ಮ ಎದುರುಮನೆಯ ಕಾಕೂ ಧಾರವಾಡದವರು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಬೆರಳಲ್ಲೇ ತಿರುವಿಹಾಕುತ್ತಿದ್ದರು. ಅದು ಕೈಚಳಕವೆಂದು ನಾವೆಲ್ಲ ಹೊಗಳುತ್ತಿದ್ದೆವು.

ಆ ಚಳಿಗಾಲದಲ್ಲಿ ಅವರದು ಒಂದೇ ಮಾತು: "ಗೀಜರ್ ಕೆಟ್ಟದ, ನೀರು ಕಾಯವಲ್ದು ನೋಡ್ರಿ."

ಮೆಕ್ಯಾನಿಕ್ ಬಂದು ಕಾಯಿಲ್ ಬದಲಿಸಿದ. ಮತ್ತೆ ಕರೆಸಿದಾಗ ಥರ್ಮೋಸ್ಟ್ಯಾಟನ್ನೂ ಬದಲಿಸಿದ. ಕಾಕೂ ತುಂಬಿದ ಬಕೆಟ್ಟಿನಲ್ಲಿ ಕೈ ಮುಳುಗಿಸಿ, "ಇನ್ನೂ ಉಗುರುಬೆಚ್ಚಗ ಅದ, ಬೇಕಾರ ಮುಟ್ಟಿ ನೋಡ್ರಿ," ಎಂದು ನನ್ನನ್ನು ಕರೆದರು.

ಬೆರಳಿಟ್ಟೆ. ಚುರ್ರೆಂದಿತು. ಗಾಬರಿಯಲ್ಲಿ ಅವರ ಕೈಯನ್ನೂ ಹಿಡಿದು ಮೇಲೆತ್ತಿದೆ, ಮುಂಗೈವರೆಗೆ ಕೆಂಪಗಾಗಿತ್ತು. ಮೆಕ್ಯಾನಿಕ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಕಾಕೂ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು: "ಈಗ ಇನ್ನೇನ್ ಬದಲಸಬೇಕ್ರೀ?"