ಮನೆ ಬಿಟ್ಟುಕೊಟ್ಟ ತಾಯಿ

ಕಮಲಾಪುರದ ನಮ್ಮ ಮನೆಯ ಒಳಕೋಣೆಯ ಬಾಗಿಲು ಎಷ್ಟು ಗಿಡ್ಡವೆಂದರೆ, ನನ್ನ ಹಣೆಯಲ್ಲಿ ವಿಭೂತಿಗಿಂತ ಅದರ ಮೇಲ್ಪಟ್ಟಿಯ ಗುರುತೇ ಹೆಚ್ಚು ಕಾಲ ಉಳಿದಿದೆ. ವಿನಯ ಕಲಿಸಲೆಂದೇ ಹಿರಿಯರು ಹಾಗೆ ಕಟ್ಟಿಸಿದರಂತೆ. ಬಡಗಿಯ ಅಳತೆ ತಪ್ಪಿತ್ತೆಂದು ನನ್ನ ಅನುಮಾನ.

ಅನುಮಾನ ನನ್ನ ಹುಟ್ಟುಗುಣ. ಜೇನಿಗೊಬ್ಬ ರಾಜನಿದ್ದಾನೆ, ಅವನ ಅಪ್ಪಣೆಯಾದರೆ ಗುಂಪೆಲ್ಲ ಕಡಿಯುತ್ತದೆ ಎಂಬುದು ಊರಿನ ಸಿದ್ಧಾಂತ; ನಿಜಾಮರ ಪ್ರಜೆಗಳಾದ ನಾವು ಅರಸನಿಲ್ಲದ ನೊಣಗಳನ್ನಾದರೂ ಹೇಗೆ ಊಹಿಸಬೇಕು? ಶಾಲೆಯ ಮೆಟ್ಟಿಲು ಹತ್ತದ ನಾನು, ಹಿತ್ತಲ ಗೋಡೆಯ ಕಲ್ಲೊಂದನ್ನು ಸರಿಸಿ, ಅಲ್ಲಿನ ಜೇನಿನ ಮುಂದೆ ವರ್ಷಗಟ್ಟಲೆ ಕುಳಿತು ಕಂಡದ್ದೇ ಬೇರೆ: ಆ ‘ರಾಜ’ ತತ್ತಿಯಿಡುವ ತಾಯಿ; ಹೊಸ ರಾಣಿ ಹುಟ್ಟುವ ಹೊತ್ತಿಗೆ ರೆಕ್ಕೆಯಂಚು ಹರಿದ ಹಳೇ ರಾಣಿಯೇ ಅರ್ಧ ಬಳಗದೊಡನೆ ಮನೆ ಬಿಡುತ್ತಾಳೆ; ಹಾಗೆ ಹೊರಟ ಗುಂಪಿಗೆ ಕಾಯಲು ಮರಿಯಿಲ್ಲ, ತುಪ್ಪವಿಲ್ಲ, ಆದ್ದರಿಂದ ಕೋಪವೂ ಇಲ್ಲ. ಈ ಕೊನೆಯ ಮಾತಿಗೆ ಆಧಾರವಾಗಿ ನಾನು ನೋಡಿದ್ದು ಒಂದೇ ಒಂದು ಗುಂಪು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಚೊಚ್ಚಲ ಹೆರಿಗೆಗೆಂದು ಕಲಬುರಗಿಯ ಗಂಡನ ಮನೆಯಿಂದ ಬಂದಿದ್ದ ಮಗಳು ಗೌರಿಗೆ ಆ ಕೋಣೆಯಲ್ಲಿ ನೋವು ಬಿಗಿಯಾದ ಮಧ್ಯಾಹ್ನವೇ ಗೋಡೆಯ ಜೇನಿನ ಅರ್ಧ ಬಳಗ ಎದ್ದು, ಅದೇ ಗಿಡ್ಡ ಬಾಗಿಲಿನ ಮೇಲ್ಪಟ್ಟಿಗೆ ಗಡ್ಡದಂತೆ ಜೋತುಬಿತ್ತು. ಕೋಣೆಗೆ ಕಿಟಕಿಯಿಲ್ಲ. ಬಿಸಿನೀರಿಗೆಂದು ಹೊರಬಂದಿದ್ದ ಸೂಲಗಿತ್ತಿ ಯಲ್ಲವ್ವ ಹೊರಗೇ ಉಳಿದಳು. ಮಗಳು ಒಳಗೆ, ಒಬ್ಬಳೇ.

“ಬೆಂಕಿ ಹಚ್ರಿ! ಮಗಳು ಒದರ್ಲಕತ್ತಾಳ!” ಎಂದಳು ನನ್ನ ಹೆಂಡತಿ, ಉರಿಯುವ ಜೋಳದ ಕಣಿಕೆ ಹಿಡಿದು. ಸುಟ್ಟರೆ ಕೆರಳಿದ ನೊಣಗಳು ನುಗ್ಗುವುದು ಒಳಕ್ಕೇ. ಕಣಿಕೆಯನ್ನು ಕಸಿದು ಕೊಡದ ನೀರಲ್ಲಿ ಅದ್ದಿದೆ.

“ಇವು ಕಡಿಯಂಗಿಲ್ಲ. ಬಗ್ಗಿ ಹೋಗು, ಯಲ್ಲವ್ವ.”

“ಯಪ್ಪಾ, ನಿನ್ನ ಮಾರಿ ಕಡದ್ರ ಕಡೀಲಿ; ನನ್ನ ಕೈ ಕಡದ್ರ ಕೂಸಿಗಿ ಯಾರು ಹಿಡೀಬೇಕು? ಮೊದಲ ನೀ ನಿಂದ್ರು ಅದರ ಬುಡಕ!”

ನ್ಯಾಯವಾದ ಮಾತು. ರುಮಾಲು ತೆಗೆದಿಟ್ಟು, ಕೋಣೆಗೆ ಬೆನ್ನು ಮಾಡಿ, ಎಂದೂ ಬಗ್ಗದಷ್ಟು ಬಗ್ಗಿ ಹೊಸ್ತಿಲಲ್ಲಿ ನಿಂತೆ. ಬೋಳುತಲೆಯ ಮೇಲೆ ಸಣ್ಣ ಕಾಲುಗಳು ಹರಿದಾಡಿದವು. ಹಿಂದೆ ಗೌರಿ ಚೀರಿದಳು. ನನ್ನ ಶಾಸ್ತ್ರವೆಲ್ಲ ಸುಳ್ಳೆಂದು ಆ ಕ್ಷಣದಲ್ಲಿ ನಾನೇ ನಂಬಿದೆ.

ಒಂದೂ ಕಡಿಯಲಿಲ್ಲ. ಯಲ್ಲವ್ವ ನನ್ನ ತೋಳಡಿಯಿಂದ ನುಸುಳಿದಳು.

ಹೆಣ್ಣುಕೂಸು ಅತ್ತಾಗ ಗುಂಪು ಇನ್ನೂ ಅಲ್ಲೇ ಇತ್ತು. ಸಂಜೆಗೆ ಮುನ್ನ ಎದ್ದು ಬಯಲ ಕಡೆ ಹೋಯಿತು. ನಮ್ಮಲ್ಲಿ ಹೆರಲು ಮಗಳು ತಾಯಿಯ ಮನೆಗೆ ಬರುತ್ತಾಳೆ; ಜೇನುಗಳಲ್ಲಿ ತುಂಬಿದ ಮನೆಯನ್ನು ಮಗಳಿಗೆ ಬಿಟ್ಟುಕೊಟ್ಟು ತಾಯಿಯೇ ಹೊರಬೀಳುತ್ತಾಳೆ. ದೊಡ್ಡ ತವರು ಯಾವುದು, ನೀವೇ ಹೇಳಿ.

ಈಗ ಕಲಬುರಗಿಯ ಬೀಗರ ಮನೆಗೆ ಹೋದಾಗಲೂ, ಆನೆ ಹೊಗಬಹುದಾದ ಅವರ ಬಾಗಿಲಲ್ಲಿ ನನ್ನ ತಲೆ ತಾನಾಗಿ ಬಗ್ಗುತ್ತದೆ. ಅವರು ನನ್ನನ್ನು ಮಹಾ ವಿನಯಶಾಲಿಯೆಂದು ನಂಬಿದ್ದಾರೆ. ಆ ಒಂದು ನಂಬಿಕೆಯನ್ನು ಮಾತ್ರ ನಾನು ತಿದ್ದಲು ಹೋಗಿಲ್ಲ.