ಮಾಳಿಂಗಪ್ಪನ ಎಮ್ಮೆಯ ನೆತ್ತರಿನ ಹುಳ

ಗಂಡ ಸತ್ತ ಮೇಲೆ ಮೊಗುಲಮ್ಮ ಒಳಲಂಗ ಹೊಲಿದು ಬದುಕಿದವಳು. ಮಕ್ತಲ್ ಸಂತೆಗೆ ಒಯ್ದು ಮಾರುವಳು, ಉಳಿದದ್ದನ್ನು ಊರಿನ ಹೆಂಗಸರು ಮನೆಗೇ ಬಂದು ಕೊಳ್ಳುವರು. ಆಕೆಯ ಮನೆಯ ಮೇಲೆ ಮೈದುನ ಮಾಳಿಂಗಪ್ಪನಿಗೆ ಮೊದಲಿನಿಂದಲೂ ಕಣ್ಣು. ಹೀಗಿರುವಾಗ ಅವನ ಹಾಲೆಮ್ಮೆ ಮೇವು ಬಿಟ್ಟು, ಕಣ್ಣೀರು ಸುರಿಸುತ್ತ, ಗಾಣದೆತ್ತಿನ ಹಾಗೆ ಗೂಟ ಸುತ್ತತೊಡಗಿತು.

"ಮೊಗುಲಮ್ಮ ಬಾನಾಮತಿ ಮಾಡ್ಯಾಳ!" ಎಂದು ಮಾಳಿಂಗಪ್ಪ ಬೀರಪ್ಪನ ಗುಡಿಕಟ್ಟೆಯ ಮೇಲೆ ನಿಂತು ಕೂಗಿದ. "ನನ್ನ ಎಮ್ಮಿ ಸತ್ರ ಈ ಮಾಟಗಾತಿ ಊರಾಗ ಇರಬಾರದು!"

ಹಿರಿಯ ತಾಯಪ್ಪ ಎಲೆಅಡಿಕೆ ಉಗುಳಿ, "ಎಮ್ಮಿ ಸತ್ರ ಹೊರಗ, ಉಳದ್ರ ಒಳಗ. ಆತಿಲ್ಲೋ?" ಎಂದ.

ಮೊಗುಲಮ್ಮ ತಂಗಿಯ ಮಗಳು ಅನುರಾಧಾಳಿಗೆ ಫೋನು ಹಚ್ಚಿದಳು. ದನದ ಡಾಕ್ಟರಾಗಿ, ದನಗಳ ನೆತ್ತರು ಸೇರುವ ಹುಳಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದವಳು ಅವಳು. ಮರುದಿನವೇ ಸೂಕ್ಷ್ಮದರ್ಶಕ ಹೊತ್ತು ಬಂದು, ಎಮ್ಮೆಯ ಕಿವಿಯಿಂದ ನೆತ್ತರು ತೆಗೆದು, ಮಾಳಿಂಗಪ್ಪನಿಗೂ ತೋರಿಸಿದಳು. ಹುಳಗಳು ವಿಲವಿಲ ಒದ್ದಾಡುತ್ತಿದ್ದವು.

"ಇದು ದನ ಕಚ್ಚೋ ನೊಣ ತಂದದ್ದು, ದೊಡ್ಡವ್ವ. ಈ ಹುಳದ ಮೈಯಾಗ ಮೈಟೋಕಾಂಡ್ರಿಯ ಅಂತ ಒಂದಽ ಒಲಿ ಐತಿ. ಅದಕ್ಕ ಬೇಕಾದ ಪ್ರೋಟೀನು ಬಹಳಷ್ಟು ಹೊರಗಽ ತಯಾರಾಗಿ ಒಳಗ ಹೋಗಬೇಕು."

"ಬಾಗಲಾ ಐತೇನು ಅದಕ್ಕ?"

"ಸಣ್ಣ ಕಿಂಡಿ. ಮಡಿಚಿದ್ದು ಹಿಡ್ಯಾಂಗಿಲ್ಲ, ದಾರದಂಗ ಬಿಚ್ಕೊಂಡು ತೂರಬೇಕು. ಎಷ್ಟೋ ಪ್ರೋಟೀನಿಗೆ ತುದ್ಯಾಗ ದಾರಿ ತೋರ್ಸೋ ತುಣುಕು ಇರ್ತೈತಿ. ಒಳಗ ಹೋದ್ಮ್ಯಾಲ ಅದನ್ನ ಕತ್ತರಿಸಿ ಒಗೀತಾವು."

"ಲಂಗಕ್ಕ ಲಾಡಿ ಪೋಣಿಸಿದಂಗ ಬಿಡು. ಪಿನ್ನು ಮುಂದ, ಲಾಡಿ ಹಿಂದ. ದಾಟಿದ ಮ್ಯಾಲ ಪಿನ್ನು ತಗದ ಬಿಡ್ತೀವಿ. ಕಿಂಡಿ ಮುಚ್ಚಿದ್ರ ಸಾಯ್ತಾವೇನು?"

"ಅದನ್ನಽ ಹುಡುಕಾಕತ್ತೀವಿ, ಇನ್ನಾ ಕೈಗೆ ಸಿಕ್ಕಿಲ್ಲ. ಈಗಿನ ಸೂಜಿ ಬ್ಯಾರೆ. ನಿನ್ನ ಹಗೆಯವನ ಎಮ್ಮಿ, ಹಾಕ್ಲೇನು?"

ಮೊಗುಲಮ್ಮ ಎಮ್ಮೆಯ ಕಡೆ ನೋಡಿದಳು. ಎಮ್ಮೆ ಸತ್ತರೆ ಊರು ಬಿಡಬೇಕು. ತನ್ನವಳ ಕೈಯಿಂದ ಬದುಕಿದರೂ ಮಾಳಿಂಗಪ್ಪ ಮಾಟದ ಮಾತು ಬಿಡುತ್ತಾನೆಯೇ? ಬೇಡ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಎಮ್ಮೆ ಮತ್ತೊಂದು ಸುತ್ತು ಹಾಕಿ ಆಕೆಯ ಕಾಲ ಬಳಿ ಮುಗ್ಗರಿಸಿತು.

"ಹಾಕು," ಎಂದಳು. "ಮೂಕಪ್ರಾಣಿ ಏನ ಮಾಡೈತಿ? ಪಾಪಿ ಅದರ ಮಾಲಕ."

ಎಮ್ಮೆ ಚೇತರಿಸಿಕೊಂಡು ಹಾಲಿಗೆ ಬಂತು. ಮಾಳಿಂಗಪ್ಪ ಮತ್ತೆ ಕಟ್ಟೆ ಏರಿದ.

"ನೋಡಿದ್ರೇನ್ರೀ? ಮಾಟ ಕಟ್ಟಿದಾಕಿನಽ ಬಿಚ್ಯಾಳ! ಅಕಿ ಮಾಡದಿದ್ರ ಅಕಿ ತಂಗಿ ಮಗಳಿಗೆ ಮದ್ದು ಹೆಂಗ ಗೊತ್ತು?"

"ಕೊಳವ್ಯಾಗ ಕಣ್ಣಿಟ್ಟು ಹುಳ ನೋಡೀದಿಲ್ಲೋ, ಮೂಳಾ?" ಎಂದಳು ಮೊಗುಲಮ್ಮ.

"ನೋಡೀನಿ. ಆ ಹುಳ ಬಿಟ್ಟಾಕಿ ನೀನಽ."

ಉಳಿದರೆ ಒಳಗೆ ಎಂದಿದ್ದ ತಾಯಪ್ಪ ಕೂಡ ಮಾಳಿಂಗಪ್ಪನ ಮಾತಿಗೆ ಹೌದೆಂದು ತಲೆಯಾಡಿಸಿದ. ಮೊಗುಲಮ್ಮ ಕಟ್ಟೆಯ ಮೇಲಿದ್ದ ಒಂದೊಂದೇ ಮುಖ ನೋಡಿದಳು. ಇವರಿಗೆ ಇನ್ನು ಹೇಳುವುದೇನೂ ಉಳಿದಿರಲಿಲ್ಲ.

"ಹೌದು, ನಾನಽ ಬಿಟ್ಟೀನಿ," ಎಂದಳು. "ಇನ್ನೂ ಅದಾವು. ನನ್ನ ಹೊಸ್ತಿಲಾ ಯಾರು ತುಳೀತೀರಿ, ಬರ್ರಿ."

ಮಾಳಿಂಗಪ್ಪ ಹಿಂದೆ ಸರಿದ. ಅವನ ಹಿಂದಿದ್ದವರೂ ಸರಿದರು. ಮನೆ ಉಳಿಯಿತು. ಲಂಗ ಕೇಳಿಕೊಂಡು ಆ ಊರಿನ ಹೆಂಗಸೊಬ್ಬಳೂ ಮತ್ತೆ ಬರಲಿಲ್ಲ. ಆಕೆ ಹೊಲಿದ ಲಂಗಗಳನ್ನೆಲ್ಲ ಗಂಟು ಕಟ್ಟಿ, ಮಕ್ತಲ್ ಸಂತೆಗೆ ಹೊರಟ ಆಟೋದಲ್ಲಿ ಒಬ್ಬಳೇ ಕೂತಳು. ಪಕ್ಕಕ್ಕೆ ಯಾರೂ ಹತ್ತಲಿಲ್ಲ.