ಮೊದಲೇ ಬಂದ ದನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮರ್ಯಾದೆಗೆ ತಲೆಯಾಡಿಸಿ ಮಾತು ಬದಲಿಸುತ್ತಿದ್ದೆ. ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ, ಹೊಟ್ಟೆಪಾಡಿಗೆ ಹಿಡಿದದ್ದು ಧ್ವನಿಮುದ್ರಣ. ಕಿವಿಗೆ ಬಿದ್ದದ್ದಕ್ಕೆಲ್ಲ ಒಂದು ತಂತಿಯೋ ಯಂತ್ರವೋ ಕಾರಣ ಇದ್ದೇ ಇರುತ್ತದೆ ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೇ ನಂಬಿದ್ದೇನೆ, ಆ ಒಂದು ಮಧ್ಯಾಹ್ನವನ್ನು ಬಿಟ್ಟು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಧಾರವಾಡದ ಲಕಮನಹಳ್ಳಿಯಲ್ಲಿ ಒಂದು ವರ್ಕ್‌ಶಾಪಿನ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೆ. ಒಂದರಲ್ಲಿ ಹಾಡುವವರು ಕೂಡುತ್ತಿದ್ದರು, ಇನ್ನೊಂದರಲ್ಲಿ ಕಂಪ್ಯೂಟರ್ ಮತ್ತು ನಾನು. ನಡುಗೋಡೆಯಲ್ಲಿ ದಪ್ಪ ಗಾಜಿನ ಕಿಟಕಿ. ಕೆಳಗೆ ವರ್ಕ್‌ಶಾಪಿಗೆ ಸೂಟಿ ಇದ್ದ ದಿನ ಮಾತ್ರ ರೆಕಾರ್ಡಿಂಗ್.

ಅಂಥದೊಂದು ಸೂಟಿಯ ದಿನ ಸುಳ್ಳ ಎಂಬ ಹಳ್ಳಿಯಿಂದ ಗಂಗವ್ವ ಬಂದರು, ಮಗಳು ಶಾಂತಾಳ ಜೊತೆ. ಊರಿನ ಭಜನಾ ಮೇಳದಲ್ಲಿ ಸಾಲು ಮೊದಲು ಹಾಡುವ ಮುಂದಿನ ದನಿ ಅವರದೇ. ಗಂಟಲಲ್ಲಿ ಗಂಟಾಗಿ ಆ ವಾರವೇ ಆಪರೇಷನ್ ಇತ್ತು. ಜೀವಕ್ಕೆ ಅಪಾಯವಿಲ್ಲ, ಆದರೆ ದನಿ ಉಳಿಯುತ್ತದೆಂದು ಹೇಳಲಾರೆ ಎಂದಿದ್ದರಂತೆ ಡಾಕ್ಟರು.

"ಇವತ್ತ ಆಗ್ಲಿಲ್ಲಂದ್ರ ಮತ್ತ ಆಗಂಗಿಲ್ರಿ ಅಣ್ಣಾರ," ಎಂದಳು ಶಾಂತಾ, ಮೆಟ್ಟಿಲ ಮೇಲೇ ನಿಂತು.

ಆಗ ತಾನೇ ನಾನು ಹೊಸ ಆಡಿಯೋ ಇಂಟರ್‌ಫೇಸ್ ತಂದಿದ್ದೆ. ಮೈಕಿನ ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ ಡಬ್ಬಿ ಅದು. ಡಬ್ಬಿಯೂ ಸಾಫ್ಟ್‌ವೇರೂ ಒಂದೇ ಗಡಿಯಾರ ನೋಡಿ ನಡೆಯಬೇಕು, ಇಲ್ಲದಿದ್ದರೆ ಹಾಡಿನ ನಡುವೆ ಟಕ್ ಟಕ್ ಎಂದು ಸದ್ದು. ಬೆಳಗಿನಿಂದ ಗುದ್ದಾಡಿ, ಎರಡರ ವೇಗವನ್ನೂ ಒಂದೇ ಮಾಡಿ, ಸಾಫ್ಟ್‌ವೇರು ಡಬ್ಬಿಯ ಗಡಿಯಾರವನ್ನೇ ಅನುಸರಿಸುವಂತೆ ಹೊಂದಿಸಿದ ಮೇಲೆ ಸದ್ದು ನಿಂತಿತು. ಕಂಪ್ಯೂಟರ್ ಹಳೆಯದು, ಮುಗ್ಗರಿಸದಿರಲಿ ಎಂದು ಬಫರ್ ದೊಡ್ಡದಿಟ್ಟೆ. ಹಾಗಿಟ್ಟರೆ ದನಿ ಕಂಪ್ಯೂಟರಿನೊಳಗೆ ತುಸು ಹೊತ್ತು ಕೂತು, ಆಮೇಲೆ ಹಾಡುವವರ ಹೆಡ್‌ಫೋನಿಗೂ ನನ್ನದಕ್ಕೂ ಬರುತ್ತದೆ.

ಗಂಗವ್ವ ಒಂದು ಸಾಲು ಹಾಡಿ ಸುಮ್ಮನಾದರು. ಇನ್ನೊಂದು ಸಾಲು ಹಾಡಿ ಮತ್ತೆ ಸುಮ್ಮನಾದರು. ಇಡೀ ಹಾಡು ಹೀಗೇ ಸಾಗಿತು.

"ನಡುವ ಯಾಕ ನಿಂದ್ರತೀರಿ ಅವ್ವಾರ?" ಎಂದು ಕೇಳಿದೆ.

"ಹಿಂದಿನವರು ಹಾಡಾಕತ್ತಾರಲ್ಲೋ ತಮ್ಮಾ. ಅವರಿಗೂ ಜಾಗಾ ಬಿಡಬೇಕಲ್ಲ."

ತಡವಾಗಿ ಬಂದ ತಮ್ಮದೇ ದನಿಯನ್ನು ಕೇಳಿ, ಮೇಳದವರು ಸಾಲು ಎತ್ತಿಕೊಂಡರೆಂದು ಅವರು ತಿಳಿದಿದ್ದರು. ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಬಫರ್ ಸಣ್ಣದು ಮಾಡಿದೆ. ತಡ ಹೋಯಿತು.

"ಎಲ್ಲಿ ಕಳಿಸಿದಿ ನನ್ನ ಮಂದೀನ? ಚಾ ಕುಡ್ಯಾಕ ಹೋದ್ರೇನು?" ಎನ್ನುತ್ತಲೇ ಗಂಗವ್ವ ಎರಡನೆಯ ಸಲ ಎಲ್ಲಿಯೂ ನಿಲ್ಲದೆ ಹಾಡಿದರು. ಕೊನೆಯ ಸಾಲು ಮುಗಿಯಿತು. ಅದರ ಗುಂಗು ಪೂರ್ತಿ ಆರಲಿ ಎಂದು ನಾನು ರೆಕಾರ್ಡಿಂಗ್ ನಿಲ್ಲಿಸದೆ ಕೂತಿದ್ದೆ.

ಆಗ ನನ್ನ ಹೆಡ್‌ಫೋನಿನಲ್ಲಿ ಗಂಗವ್ವನ ದನಿ ಬಂತು. "ತಮ್ಮಾ, ಏಳು." ಒಂದು ಕೆಮ್ಮು. "ಹೊರಗ ಬಾ."

ಗಾಜಿನಾಚೆ ನೋಡಿದೆ. ಅವರು ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದರು. ಆ ಕ್ಷಣ ನನಗೆ ವಿಚಿತ್ರವೇನೂ ಅನ್ನಿಸಲಿಲ್ಲ. ಹಿರಿಯರು ಕರೆದರು, ಏನೋ ಬೇಕಾಗಿರಬೇಕು ಎಂದು ಹೆಡ್‌ಫೋನು ಮೇಜಿನ ಮೇಲಿಟ್ಟು ಎದ್ದೆ. ಬಾಗಿಲು ದಾಟಿ ಹೊರಗಿನ ಪಡಸಾಲೆಗೆ ಕಾಲಿಟ್ಟಿದ್ದೆನಷ್ಟೆ, ಹಿಂದೆ ಭಾರಿ ಸದ್ದಾಯಿತು. ಸೀಲಿಂಗ್ ಫ್ಯಾನು ಕೊಕ್ಕೆ ಸಮೇತ ಕಳಚಿ, ತಿರುಗುತ್ತಲೇ ನನ್ನ ಕುರ್ಚಿಯ ಮೇಲೆ ಬಿದ್ದಿತ್ತು. ಕುರ್ಚಿಯ ಬೆನ್ನು ಎರಡು ಹೋಳಾಗಿತ್ತು. ನನ್ನ ಬೆನ್ನು ಅಲ್ಲಿಯೇ ಇರಬೇಕಿತ್ತು.

ಆಗ ಪಕ್ಕದ ಕೋಣೆಯಿಂದ ಗಂಗವ್ವ ಕೂಗಿದರು. "ತಮ್ಮಾ, ಏಳು." ಒಂದು ಕೆಮ್ಮು. "ಹೊರಗ ಬಾ." ಫ್ಯಾನು ಬಿದ್ದದ್ದನ್ನು ಗಾಜಿನಿಂದ ಕಂಡು, ನಾನು ಅದರಡಿ ಸಿಕ್ಕಿದ್ದೇನೆಂದು ತಿಳಿದು ಕೂಗಿದ್ದು ಅದು. ನಾನು ಅವರ ಕೋಣೆಗೆ ಓಡಿದೆ.

"ಅದಕ್ಕೂ ಮೊದಲ ಕರದ್ರಲ್ರಿ, ಅದಕ್ಕ ಎದ್ದೆ," ಎಂದೆ.

"ನಾ ಎಲ್ಲಿ ಕರದೇನೋ? ಬಾಯಾಗ ನೀರಿತ್ತು," ಎಂದರು. ಶಾಂತಾಳೂ ಅದನ್ನೇ ಹೇಳಿದಳು.

ಮೇಜಿನ ಮೇಲೆ ಕಂಪ್ಯೂಟರ್ ಉಳಿದಿತ್ತು, ರೆಕಾರ್ಡಿಂಗ್ ಇನ್ನೂ ನಡೆದೇ ಇತ್ತು. ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಡು ಮುಗಿಯುತ್ತದೆ. ಮೌನ. ಗೋಡೆಯಾಚೆಯಿಂದ ಫ್ಯಾನು ಬಿದ್ದ ಸದ್ದು. ಅದಾದ ಮೇಲೆ ಆ ಕರೆ, ಒಂದೇ ಒಂದು ಸಲ, ಅದೇ ಕೆಮ್ಮಿನೊಂದಿಗೆ.

ಬಫರಿನಲ್ಲಿ ಹಳೆಯ ದನಿ ಉಳಿದಿತ್ತೆನ್ನೋಣವೆಂದರೆ, ಇನ್ನೂ ಆಡದ ಮಾತು ಎಲ್ಲಿ ಉಳಿಯುತ್ತದೆ? ಎಲ್ಲ ಹಾಗೆಯೇ ಹೊಂದಿಸಿ ಎಷ್ಟೋ ಸಲ ಪರೀಕ್ಷಿಸಿದೆ. ದನಿ ತಡವಾಗಿ ಬರುವುದಕ್ಕೆ ನನ್ನಲ್ಲಿ ಉತ್ತರವಿದೆ. ಮೊದಲೇ ಬರುವುದಕ್ಕೆ ಇಲ್ಲ.

ಆಪರೇಷನ್ ಆಯಿತು. ಗಂಗವ್ವ ಉಳಿದರು, ದನಿ ಪಿಸುಮಾತಿಗೆ ಇಳಿಯಿತು. ಮುಂದೊಂದು ದಿನ ಸುಳ್ಳಕ್ಕೆ ಹೋದಾಗ ಅವರ ಮನೆಯಲ್ಲಿ ಸಿ.ಡಿ. ಹಾಕಿದ್ದರು. ಕೆಟ್ಟಿತೆಂದುಕೊಂಡೂ ನಾನು ಸಿ.ಡಿ.ಗೆ ಸೇರಿಸಿ ಕೊಟ್ಟಿದ್ದ ಮೊದಲ ಸಲದ ಹಾಡು ಅದು. ಗಂಗವ್ವ ಬಿಟ್ಟ ಒಂದೊಂದು ಜಾಗದಲ್ಲೂ ಶಾಂತಾ ಮತ್ತು ಓಣಿಯ ಹೆಣ್ಣುಮಕ್ಕಳು ಸಾಲು ಎತ್ತಿಕೊಂಡು ಹಾಡುತ್ತಿದ್ದರು. ಗಂಗವ್ವ ತೊಡೆಯ ಮೇಲೆ ತಾಳ ಹಾಕುತ್ತ, "ಲಗೂ ಎತ್ಕೋರಿ, ನಿದ್ದಿ ಮಾಡಾಕತ್ತೀರೇನು?" ಎಂದು ಪಿಸುದನಿಯಲ್ಲೇ ಗದರುತ್ತಿದ್ದರು.

ಆ ದಿನದ ಕರೆಯ ಬಗ್ಗೆ ಮತ್ತೆ ಕೇಳಿದೆ.

"ಹೊರಗ ಬಂದ್ಯೋ ಇಲ್ಲೋ? ಮುಗೀತು. ಈಗ ನೀನೂ ಹಾಡು," ಎಂದರು.

ಮುಂದಿನ ಸಾಲು ಬಂತು, ಜಾಗವೂ ಬಂತು. ನಾನು ದನಿ ಕೂಡಿಸಿದೆ, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಲೇ.